ಗೋಪುರದಿಂದ ಮಾಡಿಗೆ: ತಂತಿಯಿಲ್ಲದ ಹತ್ತು ಕಿಲೋಮೀಟರ್

ಕಿತ್ತೂರು ಎಂದರೆ ನಮಗೆ ನೆನಪಾಗುವುದು ರಾಣಿ ಚೆನ್ನಮ್ಮ. ಟೆಲಿಫೋನ್ ಇಲಾಖೆಯ ಹಳಬರಿಗೆ ಆ ಊರು ಇನ್ನೊಂದು ಕಾರಣಕ್ಕೂ ಗೊತ್ತು. ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜು ದೇಶದಲ್ಲಿ ಮೊದಲು ಚಾಲೂ ಆದದ್ದು 1986ರಲ್ಲಿ, ಕಿತ್ತೂರಿನಲ್ಲಿ. 128 ಪೋರ್ಟುಗಳ ಆ ಪೆಟ್ಟಿಗೆಗೆ ಏಸಿ ಕೋಣೆ ಬೇಕಿರಲಿಲ್ಲ. ಧೂಳು, ಸೆಕೆ, ಬಂದುಹೋಗುವ ಕರೆಂಟು ಇವುಗಳ ನಡುವೆಯೇ ಅದು ಬದುಕಬೇಕು ಎಂದು ಮೊದಲೇ ಲೆಕ್ಕ ಹಾಕಿ ಮಾಡಿದ್ದರು. ಸ್ಯಾಮ್ ಪಿತ್ರೋಡಾ ಅವರ ಹೆಸರಿನೊಂದಿಗೆ ಈ ಕತೆ ಬಹಳ ಸಲ ಬಂದಿದೆ, ಮತ್ತೆ ಹೇಳಬೇಕಾಗಿಲ್ಲ.

ನನಗೆ ಕುತೂಹಲ ಇರುವುದು ಅದರ ಮುಂದಿನ ತುಣುಕಿನ ಬಗ್ಗೆ. ಎಕ್ಸ್‌ಚೇಂಜು ಊರಿಗೆ ಬಂತು, ಸರಿ. ಅಲ್ಲಿಂದ ಮನೆಗೆ? ಒಂದು ಜೊತೆ ತಾಮ್ರದ ತಂತಿ ಕಂಬದಿಂದ ಕಂಬಕ್ಕೆ ಹಾಯುತ್ತ ಹೋಗಬೇಕು. ಬಯಲುಸೀಮೆಯ ಒತ್ತಾದ ಊರುಗಳಲ್ಲಿ ಇದು ಹೇಗೋ ನಡೆದೀತು. ಗುಡ್ಡಕ್ಕೊಂದು ಮನೆಯಿರುವ ಮಲೆನಾಡಿನಲ್ಲಿ, ಊರಿಂದ ಊರಿಗೆ ಹತ್ತು ಮೈಲಿಯಿರುವ ಕಡೆಗಳಲ್ಲಿ, ಒಂದೊಂದು ಫೋನಿಗೂ ಮೈಲುಗಟ್ಟಲೆ ತಂತಿ. ಜುಲೈನ ಗಾಳಿಗೆ ಒಂದು ಕೊಂಬೆ ಮುರಿದು ಬಿದ್ದರೆ ಲೈನ್‌ಮನ್ ಬರುವವರೆಗೂ ಫೋನು ಮೂಕ. ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದ್ದುದರಿಂದ ತಂತಿ ಕದಿಯುವವರೂ ಇದ್ದರು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಬಂದಾಗ ನೂರು ಜನರಿಗೆ ಒಂದು ಫೋನೂ ಇರಲಿಲ್ಲ, ಲೆಕ್ಕ 0.8 ಎಂದಿತ್ತು. ಇದ್ದ ಫೋನುಗಳಲ್ಲೂ ಬಹುಪಾಲು ಪಟ್ಟಣಗಳಲ್ಲಿದ್ದವು.

ತಂತಿಯ ಬದಲು ರೇಡಿಯೋ ಬಳಸೋಣ ಎಂಬ ಯೋಚನೆ ಇಲಾಖೆಗೆ ಬಂದಿರಲಿಲ್ಲ ಎಂದಲ್ಲ. ಮಾರ್ ಎಂಬ ಹೆಸರಿನ ಒಂದು ವ್ಯವಸ್ಥೆಯನ್ನು ದೇಶದ ಲಕ್ಷಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹಾಕಿದರು. ಕೆಲವೇ ರೇಡಿಯೋ ಚಾನೆಲ್‌ಗಳನ್ನು ಹಲವು ಹಳ್ಳಿಗಳ ಫೋನುಗಳು ಹಂಚಿಕೊಳ್ಳುವ ಏರ್ಪಾಡು ಅದು. ಹಳ್ಳಿಗೊಂದು ಸಾರ್ವಜನಿಕ ಫೋನು, ಮೇಲೊಂದು ಕಂಬ, ಕಂಬದ ತುದಿಗೆ ಆಂಟೆನಾ, ಪಕ್ಕದಲ್ಲಿ ಬ್ಯಾಟರಿ. ಹಾಕಿದ ದಿನ ಎಲ್ಲವೂ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆಮೇಲೆ ಬ್ಯಾಟರಿ ಸಾಯುತ್ತಿತ್ತು, ರಿಪೇರಿಯವರು ಬರುತ್ತಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಫೋನಿರುವ ಹಳ್ಳಿ, ನಿಜದಲ್ಲಿ ಕಂಬವಷ್ಟೇ ಇರುವ ಹಳ್ಳಿ. ಕೊನೆಗೆ ಮಾರ್ ಫೋನುಗಳನ್ನೆಲ್ಲ ಕಿತ್ತು ಬೇರೆ ತಂತ್ರಜ್ಞಾನ ಹಾಕಬೇಕು ಎಂದು ಸರ್ಕಾರವೇ ಹಣ ಎತ್ತಿಡಬೇಕಾಯಿತು. ಈ ಮಾರ್‌ನ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಆದರೆ ಮುಂದೆ ಬಂದ ಎಲ್ಲ ಪ್ರಯೋಗಗಳ ಜಾತಕವೂ ಅದರಲ್ಲೇ ಬರೆದಿತ್ತು ಅನ್ನಿಸುತ್ತದೆ.

1990ರ ದಶಕದ ಮಧ್ಯದಲ್ಲಿ ಮದ್ರಾಸ್ ಐಐಟಿಯ ಅಶೋಕ್ ಝುಂಝುನ್‌ವಾಲಾ, ಭಾಸ್ಕರ್ ರಾಮಮೂರ್ತಿ, ತಿಮೋತಿ ಗೊನ್ಸಾಲ್ವಿಸ್ ಮತ್ತು ಗೆಳೆಯರ ಟೆನೆಟ್ ಗುಂಪು ಈ ಕೊನೆಯ ತುಣುಕನ್ನು ಕೈಗೆತ್ತಿಕೊಂಡಿತು. ಅವರ ವಾದ ಎಂಜಿನಿಯರಿಂಗ್‌ನಿಂದ ಅಲ್ಲ, ಮನೆಯ ಖರ್ಚುವೆಚ್ಚದಿಂದ ಶುರುವಾಗುತ್ತದೆ. ಒಂದು ಟೆಲಿಫೋನ್ ಲೈನು ಕೊಡಲು ಆಗ ಕಂಪನಿಗೆ ಬೀಳುತ್ತಿದ್ದ ಖರ್ಚು 30ರಿಂದ 40 ಸಾವಿರ ರೂಪಾಯಿ. ಬಡ್ಡಿ, ಸವಕಳಿ, ನಿರ್ವಹಣೆ ಎಲ್ಲ ಸೇರಿ ವರ್ಷಕ್ಕೆ ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಾಪಸ್ ಬರಬೇಕು. ಅಂದರೆ ತಿಂಗಳಿಗೆ ಸಾವಿರ ರೂಪಾಯಿಯಷ್ಟು ಬಿಲ್ಲು. ಅಷ್ಟು ಕೊಡಬಲ್ಲ ಮನೆಗಳು ಆಗಿನ ಭಾರತದಲ್ಲಿ ಬೆರಳೆಣಿಕೆಯಷ್ಟು. ಖರ್ಚನ್ನು ಹತ್ತು ಸಾವಿರದ ಹತ್ತಿರಕ್ಕೆ ಇಳಿಸಿದರೆ? ಆಗ ಅರ್ಧದಷ್ಟು ಮನೆಗಳು ಫೋನು ಇಟ್ಟುಕೊಳ್ಳಬಹುದು. ಶ್ರೀಮಂತ ದೇಶಗಳಿಗೆ ಈ ತಲೆನೋವು ಇರಲಿಲ್ಲ. ಅಲ್ಲಿ ಬಿಲ್ಲು ಕೊಡುವವರಿದ್ದರು, ಆದ್ದರಿಂದ ಖರ್ಚು ಇಳಿಸುವ ಸಂಶೋಧನೆ ಅಲ್ಲಿ ನಡೆಯುವುದಿಲ್ಲ, ನಾವೇ ಮಾಡಬೇಕು ಎಂಬುದು ಝುಂಝುನ್‌ವಾಲಾ ಅವರ ನಿಲುವು.

ಹಾಗೆ ಹುಟ್ಟಿದ್ದು ಕಾರ್‌ಡೆಕ್ಟ್. ಮಿಡಾಸ್ ಎಂಬ ಚೆನ್ನೈನ ಕಂಪನಿ ಮತ್ತು ಅಮೆರಿಕದ ಅನಲಾಗ್ ಡಿವೈಸಸ್ ಇದರಲ್ಲಿ ಜೊತೆಯಾದವು. ಮೂಲ ಬೀಜ ಡೆಕ್ಟ್ ಎಂಬ ಯುರೋಪಿನ ಮಾನದಂಡ. ಮನೆ, ಆಫೀಸುಗಳಲ್ಲಿ ಕಾರ್ಡ್‌ಲೆಸ್ ಫೋನು ಹಿಡಿದು ಓಡಾಡುವವರಿಗಾಗಿ ಮಾಡಿದ್ದು ಅದು, ಕೆಲವು ನೂರು ಮೀಟರಿನ ಸಂಗತಿ. ಅದರಲ್ಲಿ ಸೆಕೆಂಡಿನ ನೂರನೇ ಒಂದು ಭಾಗವನ್ನು 24 ತುಂಡು ಮಾಡಿ, 12 ತುಂಡು ಹೋಗುವ ಮಾತಿಗೆ, 12 ಬರುವ ಮಾತಿಗೆ ಹಂಚುತ್ತಾರೆ. ತುಂಡುಗಳ ನಡುವೆ ಒಂದಿಷ್ಟು ಖಾಲಿ ಜಾಗ. ದೂರದ ಮನೆಯಿಂದ ಹೊರಟ ಅಲೆ ತಡವಾಗಿ ತಲುಪಿದರೆ ಪಕ್ಕದವರ ತುಂಡಿನೊಳಗೆ ನುಗ್ಗುತ್ತದೆ. ಒಂದು ಕಿಲೋಮೀಟರ್ ದಾಟಲು ಅಲೆಗೆ ಸುಮಾರು 3.3 ಮೈಕ್ರೋಸೆಕೆಂಡು ಬೇಕು. ಈ ಖಾಲಿ ಜಾಗದ ಲೆಕ್ಕದಲ್ಲಿ ಐದು ಕಿಲೋಮೀಟರಿಗೆ ಡೆಕ್ಟ್‌ನ ಹಗ್ಗ ಮುಗಿಯುತ್ತಿತ್ತು. ದೂರದವರು ಅಷ್ಟಷ್ಟೇ ಮುಂಚೆ ಮಾತು ಹೊರಡಿಸುವಂತೆ ಸಮಯ ಹೊಂದಿಸಿ ಮದ್ರಾಸಿನವರು ಅದನ್ನು 10 ಕಿಲೋಮೀಟರಿಗೆ ಎಳೆದರು. ನಡುವೆ ಒಂದು ಮರುಪ್ರಸಾರದ ನಿಲ್ದಾಣ ಇಟ್ಟರೆ 25 ಕಿಲೋಮೀಟರ್. ಭಾರತದ ಸಾಮಾನ್ಯ ತಾಲ್ಲೂಕು ಕೇಂದ್ರದ ಸುತ್ತ 25 ಕಿಲೋಮೀಟರಿನ ವೃತ್ತ ಎಳೆದು ನೋಡಿ, ತಾಲ್ಲೂಕಿನ ಹೆಚ್ಚುಕಡಿಮೆ ಎಲ್ಲ ಹಳ್ಳಿಯೂ ಒಳಗೆ ಬರುತ್ತದೆ. ಆ ಸಂಖ್ಯೆಯ ಮಹತ್ವ ಅಲ್ಲಿದೆ. ಮಾತಿನ ಜೊತೆಗೇ 35 ಕಿಲೋಬಿಟ್ ಇಂಟರ್ನೆಟ್, ಮಾತಿಲ್ಲದಾಗ 70. ಈಗ ನಗು ಬರಬಹುದು. 2000ದಲ್ಲಿ ಬೆಂಗಳೂರಿನ ಮನೆಗಳಲ್ಲಿ ಕಿರಗುಟ್ಟುತ್ತಿದ್ದ ಮೋಡೆಮ್ಮುಗಳಿಗೂ ಸಿಗುತ್ತಿದ್ದುದು ಅಷ್ಟೇ.

ರೇಡಿಯೋದಲ್ಲಿ ಕಂಪ್ಯೂಟರಿನ ಮಾತು ಕಳಿಸುವುದೇನೂ ಆಗ ಹೊಸದಾಗಿರಲಿಲ್ಲ. 1971ರಲ್ಲೇ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಅವರ ತಂಡ ಅಲೋಹಾನೆಟ್ ನಡೆಸಿತ್ತು. ದ್ವೀಪಗಳ ನಡುವೆ ಸಮುದ್ರ, ತಂತಿ ಎಳೆಯುವುದು ದುಬಾರಿ. ಯಾರು ಬೇಕಾದರೂ ಯಾವಾಗ ಬೇಕಾದರೂ ಕಳಿಸಲಿ, ಡಿಕ್ಕಿಯಾದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಲಿ ಎಂಬುದು ಅದರ ಸರಳ ನೇಮ. ಇಂದಿನ ವೈಫೈ ಆ ವಂಶದ ಕುಡಿ. ಮಾತು ಮುಂದೆ ತೇನಿಗೆ ಹೋದಾಗ ಈ ವಂಶಗುಣ ಮತ್ತೆ ನೆನಪಿಗೆ ಬರುತ್ತದೆ.

ಉಪಕರಣ ಸಿದ್ಧವಾಯಿತು. ಇನ್ನು ಅದನ್ನು ಕೂರಿಸಬೇಕು. ಚರಿತ್ರೆ ಬರೆಯುವವರು ಈ ಭಾಗವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇದೇ ಮುಖ್ಯ.

ಕೆಲಸ ಮಾಡಿನ ಮೇಲೆ ಶುರು. ಮೊದಲ ಪ್ರಶ್ನೆ, ಗೋಪುರ ಕಾಣುತ್ತದೆಯೇ. ಕಂಡರಷ್ಟೇ ಸಾಲದು. ರೇಡಿಯೋ ಅಲೆ ದಾರ ಹಿಡಿದಂತೆ ನೇರವಾಗಿ ಹೋಗುವುದಿಲ್ಲ, ಎರಡು ಆಂಟೆನಾಗಳ ನಡುವೆ ಸೌತೆಕಾಯಿಯ ಹಾಗೆ ಹೊಟ್ಟೆ ಉಬ್ಬಿಸಿಕೊಂಡು ಸಾಗುತ್ತದೆ. ಎಂಜಿನಿಯರುಗಳು ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. ಕಾರ್‌ಡೆಕ್ಟ್ ಬಳಸುತ್ತಿದ್ದ 1880 ಮೆಗಾಹರ್ಟ್ಸ್‌ನ ಅಲೆಗೆ 10 ಕಿಲೋಮೀಟರಿನ ದಾರಿಯಲ್ಲಿ ಈ ಹೊಟ್ಟೆ ನಡುವಲ್ಲಿ ಮೇಲಕ್ಕೂ ಕೆಳಕ್ಕೂ ಸುಮಾರು 20 ಮೀಟರ್ ಉಬ್ಬಿರುತ್ತದೆ. ಅದರಲ್ಲಿ ಶೇಕಡಾ 60ರಷ್ಟಾದರೂ ಖಾಲಿ ಇರಬೇಕು. ಅಂದರೆ ಗೋಪುರ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದ್ದರೂ, ಐದು ಕಿಲೋಮೀಟರ್ ಆಚೆಯ ಯಾರದೋ ತೆಂಗಿನತೋಟದ ತಲೆಗಳು ನಮ್ಮ ದೃಷ್ಟಿಗಿಂತ 12 ಮೀಟರ್ ಕೆಳಗೆ ಇರದಿದ್ದರೆ ಸಿಗ್ನಲ್ಲು ಸೋರುತ್ತದೆ. ಆ ತೋಟದ ಮಾಲೀಕನಿಗೆ ಇದರ ಸುಳಿವೂ ಇರುವುದಿಲ್ಲ.

ಆಮೇಲೆ ತಿರುಗಿಸುವ ಕೆಲಸ. ದೂರದರ್ಶನದ ಕಾಲದಲ್ಲಿ ಭಾನುವಾರ ಬೆಳಿಗ್ಗೆ ಮಾಡು ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಬ್ಬ ಮೇಲೆ, ಇನ್ನೊಬ್ಬ ಒಳಗೆ. ‘ಎಡಕ್ಕೆ, ಇನ್ನೂ ಸ್ವಲ್ಪ, ಹಾಂ ಬಂತು, ಅಯ್ಯೋ ಹೋಯ್ತು, ವಾಪಸ್ ತಿರುಗಿಸು.’ ಇಲ್ಲೊಂದು ಮೋಸವಿದೆ. ದಿಕ್ಕಿನ ಆಂಟೆನಾದ ಮುಖ್ಯ ಕಿರಣದ ಅಕ್ಕಪಕ್ಕ ಸಣ್ಣ ಸಣ್ಣ ಉಪಕಿರಣಗಳಿರುತ್ತವೆ. ತಿರುಗಿಸುತ್ತ ಹೋದಾಗ ಸಿಗ್ನಲ್ಲು ಏರಿ ಇಳಿಯುತ್ತದೆ, ಏರಿದ ಕಡೆ ಹೊಸಬ ಬೋಲ್ಟು ಬಿಗಿದುಬಿಡುತ್ತಾನೆ. ಅದು ಉಪಕಿರಣದ ಗುಡ್ಡ, ನಿಜವಾದ ಬೆಟ್ಟ ಇನ್ನೂ ಕೆಲವು ಡಿಗ್ರಿ ಆಚೆಗಿತ್ತು. ಪಳಗಿದವನು ಆ ಕಡೆಯ ಇಳಿಜಾರಿನಿಂದ ಈ ಕಡೆಯ ಇಳಿಜಾರಿನವರೆಗೆ ಪೂರ್ತಿ ಬೀಸಿ ನೋಡಿ, ಆಮೇಲೆ ನಡುವಿಗೆ ಬರುತ್ತಾನೆ. ಮೀಟರಿನಲ್ಲಿ ಮೈನಸ್ 60 ಡಿಬಿಎಂ ಬರಬೇಕಾದಲ್ಲಿ ಮೈನಸ್ 70 ಬಂದರೆ ನೋಡುವವರಿಗೆ ಹತ್ತರ ವ್ಯತ್ಯಾಸ, ನಿಜದಲ್ಲಿ ಬಲ ಹತ್ತನೇ ಒಂದು ಭಾಗಕ್ಕೆ ಕುಸಿದಿರುತ್ತದೆ. ಮೈನಸ್ 90 ಎಂದರೆ ಸಾವಿರದ ಒಂದು ಪಾಲು. ಇಷ್ಟಾದ ಮೇಲೆ ಬೋಲ್ಟು ಬಿಗಿಯುವಾಗ ಆಂಟೆನಾ ಕೂದಲೆಳೆಯಷ್ಟು ಸರಿಯುತ್ತದೆ, ಮತ್ತೆ ಮೊದಲಿಂದ.

ಕೇಬಲ್ಲು ಮನೆಯೊಳಗೆ ಹೊಗುವ ಮುಂಚೆ ಕೆಳಗೊಂದು ಬಳುಕು ಕೊಡಬೇಕು, ಇಲ್ಲವಾದರೆ ಮಳೆನೀರು ಅದರ ಮೈಮೇಲೇ ಇಳಿದು ಉಪಕರಣದ ಬಾಯಿಗೆ ಹೋಗುತ್ತದೆ. ಜೋಡಣೆಗೆ ನೀರು ಹೋಗದ ಟೇಪು ಸುತ್ತಬೇಕು. ಸಿಡಿಲಿಗಾಗಿ ಅರ್ತಿಂಗ್ ಹಾಕಬೇಕು, ಅದೂ ಒಣನೆಲದಲ್ಲಿ ಒಂದು ಸರಳು ಚುಚ್ಚಿ ಕೈತೊಳೆದುಕೊಳ್ಳುವ ಅರ್ತಿಂಗ್ ಅಲ್ಲ. ಇದೆಲ್ಲ ಮುಗಿದ ಮೇಲೆ ಪರೀಕ್ಷೆ. ಸಿಗ್ನಲ್ಲಿನ ಬಲ, ಗದ್ದಲದ ಮಟ್ಟ, ಎರಡೂ ದಿಕ್ಕಿನ ವೇಗ, ಕಳಿಸಿದ ಪೊಟ್ಟಣಗಳಲ್ಲಿ ಎಷ್ಟು ಕಳೆದುಹೋದವು. ಎಲ್ಲ ಸರಿಯಾದರೆ ಸಹಿ, ತೆಂಗಿನಕಾಯಿ, ಫೋಟೋ.

ಮಾರ್‌ನಿಂದ ಹಿಡಿದು ಇವತ್ತಿನವರೆಗೆ ಈ ಕತೆಯಲ್ಲಿ ಬರುವ ಯಾವ ವ್ಯವಸ್ಥೆಯೂ ಆ ದಿನದ ಪರೀಕ್ಷೆಯಲ್ಲಿ ಫೇಲಾಗಿಲ್ಲ. ಪರೀಕ್ಷೆ ರೇಡಿಯೋದ್ದು, ಅದನ್ನು ಎಲ್ಲರೂ ಪಾಸು ಮಾಡಿದರು. ಕೈಕೊಟ್ಟದ್ದು ಮೀಟರು ಅಳೆಯದ ಸಂಗತಿಗಳು.

ಮದುರೈ ಜಿಲ್ಲೆಯ ಮೇಲೂರು ತಾಲ್ಲೂಕನ್ನೇ ನೋಡೋಣ. 2001ರ ಕೊನೆಯಲ್ಲಿ ಅಲ್ಲಿ ಕಾರ್‌ಡೆಕ್ಟ್ ಬಳಸಿ ಹಳ್ಳಿಗಳಲ್ಲಿ ಇಂಟರ್ನೆಟ್ ಅಂಗಡಿಗಳು ಶುರುವಾದವು. ಸಾರಿ ಎಂಬುದು ಯೋಜನೆಯ ಹೆಸರು. ಐಐಟಿ ಜೊತೆಗೆ ಅಮೆರಿಕದ ಎಂಐಟಿ, ಹಾರ್ವರ್ಡ್‌ನವರು ಸೇರಿದ್ದರು. ಎನ್-ಲಾಗ್ ಎಂಬ ಕಂಪನಿ ನಡೆಸುವ ಹೊಣೆ ಹೊತ್ತಿತು. ತಾಲ್ಲೂಕಿಗೊಬ್ಬ ಸ್ಥಳೀಯ ಪಾಲುದಾರ, ಅವನ ಕೆಳಗೆ ಹಳ್ಳಿಗೊಬ್ಬ ಅಂಗಡಿಯವ ಅಥವಾ ಅಂಗಡಿಯವಳು. ಕಂಪ್ಯೂಟರು, ಗೋಡೆಪೆಟ್ಟಿಗೆ, ಆಂಟೆನಾ, ಬ್ಯಾಟರಿ ಎಲ್ಲ ಸೇರಿ ಸುಮಾರು 50 ಸಾವಿರ ರೂಪಾಯಿ, ಹಲವರಿಗೆ ಅದು ಸಾಲದ ಹಣ.

ಜನ ಬಂದರು. ಜನನ-ಮರಣ ಪತ್ರ, ಆದಾಯ ಪ್ರಮಾಣಪತ್ರ ಇವುಗಳಿಗೆ ತಾಲ್ಲೂಕು ಕಚೇರಿಗೆ ಅಲೆಯುವ ಬದಲು ಅಂಗಡಿಯಿಂದಲೇ ಅರ್ಜಿ ಕಳಿಸಬಹುದಿತ್ತು. ಒಂದು ದಿನದ ಕೂಲಿ, ಬಸ್ ಚಾರ್ಜು, ನಡುವಿನವರ ಕೈಬಿಸಿ ಮೂರೂ ಉಳಿಯುತ್ತಿದ್ದವು. ನಮ್ಮಲ್ಲಿ ಅದೇ ಹೊತ್ತಿಗೆ ಭೂಮಿ ಯೋಜನೆ ಪಹಣಿಯನ್ನು ತಾಲ್ಲೂಕು ಕಚೇರಿಯ ಕಿಟಕಿಗೆ ತಂದಿತ್ತು, ಮೇಲೂರಿನಲ್ಲಿ ಕಿಟಕಿಯೇ ಹಳ್ಳಿಗೆ ಬಂದಿತ್ತು. ಕಣ್ಣು ನೋವೆಂದು ಬಂದವರ ಕಣ್ಣಿನ ಫೋಟೋವನ್ನು ವೆಬ್‌ಕ್ಯಾಮಿನಲ್ಲಿ ತೆಗೆದು ಮದುರೈನ ಅರವಿಂದ್ ಕಣ್ಣಾಸ್ಪತ್ರೆಗೆ ಇಮೇಲ್ ಮಾಡುವುದೂ ನಡೆಯಿತು.

ಕೆಲವೇ ವರ್ಷಗಳಲ್ಲಿ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿದವು. ರಾಜೇಂದ್ರ ಕುಮಾರ್ ಮತ್ತು ಮೈಕೆಲ್ ಬೆಸ್ಟ್ ಈ ಮುಚ್ಚಿದ ಅಂಗಡಿಗಳನ್ನೇ ಬೆನ್ನುಹತ್ತಿ ಅಧ್ಯಯನ ಮಾಡಿದರು. ಪ್ರಮಾಣಪತ್ರದ ಸೇವೆ ಅಧಿಕಾರಿಗಳ ಉತ್ಸಾಹದ ಮೇಲೆ ನಿಂತಿತ್ತು, ಉತ್ಸಾಹ ಇಳಿದಾಗ ಸೇವೆಯೂ ನಿಂತಿತು. ಉಪಕರಣ ಕೆಟ್ಟರೆ ಸಕಾಲಕ್ಕೆ ಯಾರೂ ಬರುತ್ತಿರಲಿಲ್ಲ. ತಿಂಗಳ ಗಳಿಕೆ ಖರ್ಚಿಗೆ ಸಾಲುತ್ತಿರಲಿಲ್ಲ. ಸಾಲ ಮಾಡಿ ಅಂಗಡಿ ಹಾಕಿದವರಿಗೆ ಇದು ಪ್ರಯೋಗದ ಫಲಿತಾಂಶವಲ್ಲ, ತೀರಿಸಬೇಕಾದ ಕಂತು. ವಿದೇಶಿ ವಿಶ್ವವಿದ್ಯಾಲಯಗಳ ವರದಿಗಳಲ್ಲಿ ಈ ಕಂತಿನ ಮಾತು ಎಷ್ಟು ಕಡಿಮೆ ಬರುತ್ತದೆ ಎಂಬುದು ಗಮನಿಸಬೇಕಾದ್ದು.

ಈ ನಡುವೆ ಮೇಲೆ ಬೇರೆಯೇ ಆಟ ನಡೆದಿತ್ತು. 2001ರಲ್ಲಿ ಸರ್ಕಾರ ಸ್ಥಿರ ಫೋನಿನ ಕಂಪನಿಗಳಿಗೆ ‘ಸೀಮಿತ ಚಲನೆ’ಯ ಅನುಮತಿ ಕೊಟ್ಟಿತು. ಮನೆಗೆ ಅಂಟಿಕೊಂಡಿರಬೇಕಾದ ವೈರ್‌ಲೆಸ್ ಫೋನನ್ನು ಊರೊಳಗೆ ಹಿಡಿದು ಓಡಾಡಬಹುದಾಯಿತು. ಮೊಬೈಲ್ ಕಂಪನಿಗಳು ಕೋರ್ಟಿಗೆ ಹೋದವು, ಜಗಳ ನಡೆಯಿತು. 2003ರ ನವೆಂಬರಿನಲ್ಲಿ ಏಕೀಕೃತ ಪರವಾನಗಿ ಬಂದು ಗೆರೆಯೇ ಅಳಿಸಿಹೋಯಿತು. ಓಡಾಡುವ ಫೋನು ಅಗ್ಗವಾದ ಮೇಲೆ ಗೋಡೆಗೆ ಮೊಳೆ ಹೊಡೆದ ಫೋನು ಯಾರಿಗೆ ಬೇಕು? ನಮ್ಮ ಅಡಿಕೆ ತೋಟದ ಮನೆಗಳಲ್ಲಿ ಬಿಎಸ್‌ಎನ್‌ಎಲ್‌ನ ಡಬ್ಲ್ಯೂಎಲ್‌ಎಲ್ ಫೋನುಗಳು ಕೆಲವು ವರ್ಷ ಉಳಿದವು, ಅಡಿಕೆ ದಬ್ಬೆಗೆ ಆಂಟೆನಾ ಕಟ್ಟಿದ ಮನೆಗಳನ್ನು ನಾನೂ ನೋಡಿದ್ದೇನೆ. ಮಾತಿನ ಮಟ್ಟಿಗೆ ಮೊಬೈಲು ಗೆದ್ದದ್ದು ನ್ಯಾಯವೇ. ಆದರೆ ಒಂದು ಜಾಗಕ್ಕೆ, ಅಂದರೆ ಶಾಲೆಗೆ, ಆಸ್ಪತ್ರೆಗೆ, ಪಂಚಾಯಿತಿಗೆ ಗಟ್ಟಿಯಾದ ಇಂಟರ್ನೆಟ್ ಕೊಡುವ ಪ್ರಶ್ನೆ ಆ ಗದ್ದಲದಲ್ಲಿ ಹತ್ತು ವರ್ಷ ಹಿಂದೆ ಬಿತ್ತು.

ಪೂರ್ತಿ ಬಿಟ್ಟುಹೋಗಲಿಲ್ಲ ಎನ್ನುವುದಕ್ಕೆ ತೇನಿ ಸಾಕ್ಷಿ. ಪಶ್ಚಿಮಘಟ್ಟದ ಬುಡದಲ್ಲಿರುವ ಆ ಊರಿನಲ್ಲಿ ಅರವಿಂದ್ ಕಣ್ಣಾಸ್ಪತ್ರೆಯ ಶಾಖೆಯಿದೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮದುರೈನಲ್ಲಿ 11 ಹಾಸಿಗೆಗಳಿಂದ ಶುರುಮಾಡಿದ ಸಂಸ್ಥೆ ಅದು. ಹಳ್ಳಿಯವರು ಕಣ್ಣು ಪೂರ್ತಿ ಮಂಜಾಗುವವರೆಗೆ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅವರ ಅನುಭವ. ಆದ್ದರಿಂದ ಸುತ್ತಲ ಊರುಗಳಲ್ಲಿ ಸಣ್ಣ ದೃಷ್ಟಿಕೇಂದ್ರಗಳನ್ನು ತೆರೆದರು. ಹಳ್ಳಿಗಳಿಂದಲೇ ಆರಿಸಿ ತರಬೇತಿ ಕೊಟ್ಟ ಹುಡುಗಿಯರು ಅಲ್ಲಿ ಕಣ್ಣು ಪರೀಕ್ಷಿಸುತ್ತಾರೆ, ತೇನಿಯ ವೈದ್ಯರು ವಿಡಿಯೋದಲ್ಲಿ ನೋಡಿ ರೋಗಿಯ ಜೊತೆ ಮಾತಾಡುತ್ತಾರೆ. ಇಮೇಲಿನ ಫೋಟೋ ಸಾಲದು, ಮುಖ ಕಾಣಬೇಕು, ಮಾತು ತಡವರಿಸಬಾರದು. ಅದಕ್ಕೆ ಬೇಕಾದ ವೇಗ ಆಗ ಅಲ್ಲಿ ಯಾವ ಕಂಪನಿಯಿಂದಲೂ ಕೈಗೆಟುಕುವ ಬೆಲೆಗೆ ಸಿಗುತ್ತಿರಲಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಎರಿಕ್ ಬ್ರೂವರ್ ಅವರ ಗುಂಪು ಈ ಕೆಲಸಕ್ಕೆ ಅಂಗಡಿಯಲ್ಲಿ ಸಿಗುವ ವೈಫೈ ಕಾರ್ಡುಗಳನ್ನೇ ಹಿಡಿಯಿತು. 2005ರ ಜನವರಿಯಲ್ಲಿ ಭಾರತ 2.4 ಗಿಗಾಹರ್ಟ್ಸ್ ತರಂಗಗಳನ್ನು ಹೊರಾಂಗಣದಲ್ಲೂ ಲೈಸೆನ್ಸಿಲ್ಲದೆ ಬಳಸಲು ಬಿಟ್ಟಿತ್ತು. ಆ ಒಂದು ಅಧಿಸೂಚನೆಯ ಬೆನ್ನಿಗೇ, ಫೆಬ್ರವರಿಯಲ್ಲಿ, ಧರ್ಮಶಾಲೆಯ ಬೆಟ್ಟಗಳಲ್ಲಿ ಟಿಬೆಟನ್ ಸಂಸ್ಥೆಗಳನ್ನು ಜೋಡಿಸುವ ಜಾಲವೊಂದು ಎದ್ದುನಿಂತಿತು. ಅಲ್ಲಿನ ತೊಂದರೆ ಆಂಟೆನಾ ಹಿಡಿದು ಜೋತಾಡುವ ಮಂಗಗಳದ್ದು. ಅದು ಬೇರೆ ಕತೆ.

ವೈಫೈಯನ್ನು ದೂರಕ್ಕೆ ಎಳೆದಾಗ ಅಲೋಹಾದ ವಂಶಗುಣ ಅಡ್ಡ ಬರುತ್ತದೆ. ಪೊಟ್ಟಣ ಕಳಿಸಿದ ಕಾರ್ಡು ‘ತಲುಪಿತು’ ಎಂಬ ಉತ್ತರಕ್ಕಾಗಿ ಕೆಲವೇ ಮೈಕ್ರೋಸೆಕೆಂಡು ಕಾಯುತ್ತದೆ. 10 ಕಿಲೋಮೀಟರಿನ ದಾರಿಯಲ್ಲಿ ಹೋಗಿ ಬರುವುದಕ್ಕೇ 67 ಮೈಕ್ರೋಸೆಕೆಂಡು. ಉತ್ತರ ಬರುವ ಮುಂಚೆ ಇದು ಸಹನೆಗೆಟ್ಟು ಮತ್ತೆ ಕಳಿಸುತ್ತದೆ, ಅದು ಬರುತ್ತಿರುವ ಉತ್ತರಕ್ಕೆ ಡಿಕ್ಕಿ. ಕಾನ್ಪುರ ಐಐಟಿಯ ಭಾಸ್ಕರನ್ ರಾಮನ್ ಮತ್ತು ಜೊತೆಗಾರರು ಗಂಗಾ ಬಯಲಿನ ಹಳ್ಳಿಗಳಲ್ಲಿ ಪ್ರಯೋಗ ಮಾಡಿ, ಎಲ್ಲರೂ ಸರದಿ ಹಿಡಿದು ಮಾತಾಡುವ ಕ್ರಮವೊಂದನ್ನು ಸೂಚಿಸಿದ್ದರು. ಬರ್ಕ್ಲಿಯವರು ಅದೇ ದಾರಿಯಲ್ಲಿ ಮುಂದುವರಿದು ವೈಲ್ಡ್‌ನೆಟ್ ಮಾಡಿದರು. ಮಾಮೂಲಿ ವೈಫೈಗಿಂತ ಎರಡರಿಂದ ಐದು ಪಟ್ಟು ಹೆಚ್ಚು ಮಾಹಿತಿ ಹರಿಯಿತು. ತೇನಿಯಿಂದ 15 ಕಿಲೋಮೀಟರಿನವರೆಗಿನ ಕೇಂದ್ರಗಳಲ್ಲಿ ರೋಗಿಗಳು ವೈದ್ಯರ ಮುಖ ನೋಡಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಇನ್ನೊಂದು ತೆಂಗಿನಕಾಯಿ ಒಡೆದ ಕತೆಯಾಗುತ್ತಿತ್ತು. ಆ ಗುಂಪಿನ ಸೋನೇಶ್ ಸುರಾನಾ, ರಾಬಿನ್ ಪಾತ್ರಾ ಮತ್ತಿತರರು 2008ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕಿಂತ ಬೆಲೆಯುಳ್ಳದ್ದು. ಜಾಲ ಹಾಕಿದ ನಂತರದ ವರ್ಷಗಳಲ್ಲಿ ಏನೇನು ಕೆಟ್ಟಿತು ಎಂಬುದರ ಪ್ರಾಮಾಣಿಕ ಪಟ್ಟಿ ಅದು. ರೇಡಿಯೋ ತಜ್ಞರಾಗಿ ಹೋದವರು ವಾಪಸ್ ಬಂದಾಗ ಹೆಚ್ಚಾಗಿ ಬರೆದದ್ದು ಕರೆಂಟಿನ ಬಗ್ಗೆ. ಕರೆಂಟು ಹೋಗುವುದಕ್ಕಿಂತ ಕೆಟ್ಟದಾಗಿ ಬರುವುದು ಹೆಚ್ಚು ಅಪಾಯ. ವೋಲ್ಟೇಜು ದಿಢೀರನೆ ಜಿಗಿದು ಅಡಾಪ್ಟರು ಸುಟ್ಟಿತು. ಬ್ಯಾಟರಿ ಇಳಿಯುತ್ತ ಬಂದಾಗ ರೂಟರ್ ಪೂರ್ತಿ ಆರದೆ, ಎಚ್ಚರವೂ ಇರದೆ, ಅರೆಜೀವವಾಗಿ ನಿಂತಿತು. ನೆನಪಿನ ಕಾರ್ಡಿನ ಅಕ್ಷರ ಕೆಟ್ಟಿತು. ಆಸ್ಪತ್ರೆಯಿಂದ ಫೋನು ಬರುತ್ತಿದ್ದುದು ಮಾತ್ರ ‘ಲಿಂಕ್ ಡೌನ್’ ಎಂದು, ಆಂಟೆನಾದ್ದೇ ತಪ್ಪೇನೋ ಎಂಬಂತೆ. ಪರಿಹಾರವೂ ಸಾಧಾರಣವಾದದ್ದು: ವೋಲ್ಟೇಜು ಒಂದು ಮಟ್ಟಕ್ಕಿಂತ ಇಳಿದರೆ ಉಪಕರಣವನ್ನು ಪೂರ್ತಿ ಕತ್ತರಿಸಿ, ಸರಿಯಾದ ಮೇಲೆ ತಾನೇ ಜೋಡಿಸುವ ಒಂದು ಅಗ್ಗದ ಸರ್ಕಿಟ್ಟು. ಅದಕ್ಕೆ ಡಾಕ್ಟರೇಟು ಬೇಕಿಲ್ಲ, ಆದರೆ ಮಾಡು ಹತ್ತಿ ಇಳಿದವರಿಗಲ್ಲದೆ ಅದು ಹೊಳೆಯುವುದೂ ಇಲ್ಲ.

ಇನ್ನೊಂದು ಸಂಗತಿಯೂ ಅದರಲ್ಲಿದೆ. ಬರುಬರುತ್ತಾ ಅರವಿಂದ್‌ನ ಸಿಬ್ಬಂದಿಯೇ ಜಾಲದ ಯಜಮಾನಿಕೆ ವಹಿಸಿಕೊಂಡರು. ಆಂಟೆನಾ ಎತ್ತುವುದು, ಕೂರಿಸುವುದು, ಕೆಟ್ಟದ್ದನ್ನು ಬದಲಿಸುವುದು ಅವರ ದಿನದ ಕೆಲಸವಾಯಿತು. ಮೇಲೂರಿಗೂ ತೇನಿಗೂ ನೂರು ಕಿಲೋಮೀಟರಿನಷ್ಟೂ ದೂರವಿಲ್ಲ. ಒಂದು ಕಡೆ ಆಂಟೆನಾ ಸಾಲಗಾರನದ್ದು, ಗೋಪುರ ಇನ್ನೊಬ್ಬನದ್ದು, ಸೇವೆ ಮೂರನೆಯವನದ್ದು. ಇನ್ನೊಂದು ಕಡೆ ಮೂರೂ ಒಂದೇ ಆಸ್ಪತ್ರೆಯದ್ದು, ಲಿಂಕ್ ಸತ್ತರೆ ಮುಂದಿನ ಕುರ್ಚಿಯಲ್ಲಿ ರೋಗಿ ಕಾದಿರುತ್ತಾನೆ.

2020ರಲ್ಲಿ ಶಾಲೆ ಮುಚ್ಚಿದಾಗ ಮಲೆನಾಡಿನ, ದಕ್ಷಿಣ ಕನ್ನಡದ ಮಕ್ಕಳು ಪಾಠ ಕೇಳಲು ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಬೋರ್ಡುಗಳೂ ಎದ್ದವು. 2023ರ ಗಣೇಶ ಚತುರ್ಥಿಗೆ ಜಿಯೋ ತನ್ನ ಏರ್‌ಫೈಬರ್ ಶುರುಮಾಡಿದ ಎಂಟು ಮಹಾನಗರಗಳಲ್ಲಿ ಬೆಂಗಳೂರೂ ಇತ್ತು, ಏರ್‌ಟೆಲ್ ಅದಕ್ಕೆ ತುಸು ಮುಂಚೆಯೇ ಬಂದಿತ್ತು. ಮಾಡಿನ ಮೇಲೊಂದು ಪೆಟ್ಟಿಗೆ, ಅಲ್ಲಿಂದ ಒಳಗೊಂದು ಕೇಬಲ್ಲು, ಒಳಗೆ ರೂಟರ್. ಕಿಲೋಬಿಟ್ಟುಗಳ ಜಾಗದಲ್ಲಿ ಈಗ ನೂರಾರು ಮೆಗಾಬಿಟ್ಟು. ಸ್ಪ್ಯಾನರಿನ ಜೊತೆಗೆ ಕೈಯಲ್ಲೊಂದು ಆ್ಯಪ್, ಬಾಣ ತೋರಿಸಿದ ದಿಕ್ಕಿಗೆ ತಿರುಗಿಸಿದರಾಯಿತು. ಹುಡುಗ ಅರ್ಧ ಗಂಟೆಯಲ್ಲಿ ಸ್ಪೀಡ್ ಟೆಸ್ಟ್ ತೋರಿಸಿ, ಸ್ಕ್ರೀನ್‌ಶಾಟ್ ತೆಗೆದು, ಮುಂದಿನ ಮನೆಗೆ ಹೊರಡುತ್ತಾನೆ.

ಘಟ್ಟದ ಕೆಳಗಿನ ಊರುಗಳಲ್ಲಿ ಈ ಕೆಲಸ ಮಾಡುವವರಿಗೆ ಆ್ಯಪ್ ಕೇಳದ ಒಂದು ಪ್ರಶ್ನೆ ಇರುತ್ತದೆ. ಫೆಬ್ರವರಿಯ ಹೊತ್ತಿಗೆ ತೇಗ, ರಬ್ಬರ್ ಎಲೆ ಉದುರಿಸಿ ಬೋಳಾಗಿರುತ್ತವೆ. ಆಗ ಕೂರಿಸಿದ ಲಿಂಕು ಆ ಕೊಂಬೆಗಳ ನಡುವಿಂದ ಸಲೀಸಾಗಿ ಹಾಯುತ್ತದೆ, ಪರೀಕ್ಷೆ ಪಾಸಾಗುತ್ತದೆ. ಜೂನ್ ಬಂದು, ತೇಗದ ಅಗಲ ಎಲೆ ತುಂಬಿ, ಅದರ ಮೇಲೆ ಮಳೆನೀರು ನಿಂತಾಗ ಅದೇ ದಾರಿ ಗೋಡೆಯಾಗುತ್ತದೆ. ಆದ್ದರಿಂದ ತಿಳಿದವನು ಮಾಡು ಹತ್ತುವ ಮುಂಚೆ ಮನೆಯವರನ್ನು ಕೇಳುತ್ತಾನೆ: ‘ಆಚೆ ಕಾಣುವ ತೋಟ ಯಾವುದರದ್ದು, ನಿಮ್ಮದಾ, ಬೇರೆಯವರದ್ದಾ?’